ಸ್ವಿಚ್ಚಿಲ್ಲದ ಎಕ್ಸರೇ

ಮೂವತ್ತು ವರ್ಷ ಕೊಪ್ಪಳದಲ್ಲಿ ಎಕ್ಸರೇ ತೆಗೆದವನು ನಾನು. ನನ್ನಂಥ ಕೈ ಜಿಲ್ಲೆಯಲ್ಲಿ ಇನ್ನೊಂದಿರಲಿಲ್ಲ; ಬೇಕಾದರೆ ಮುರಿದ ಎಲುಬುಗಳನ್ನೇ ಕೇಳಿ. ಜನರ ಕಳ್ಳತನವೂ ಫಿಲ್ಮಿನಲ್ಲಿ ಕಾಣುತ್ತದೆಂದು ಹಬ್ಬಿಸಿದವನೂ ನಾನೇ. ಒಂದು ಹಬ್ಬದ ದಿನ ಹೆಂಡತಿಯ ಅಕ್ಕ ಹೊಟ್ಟೆನೋವೆಂದು ಯಲಬುರ್ಗಾದಿಂದ ಬಂದಳು. ಫಿಲ್ಮ್ ಎತ್ತಿ ಹಿಡಿದು, "ಹೋಳಿಗಿ ಕಾಣ್ತೈತಲ್ರೀ ಅಕ್ಕಾರ! ನೈವೇದ್ಯಕ್ಕಿಂತ ಮೊದ್ಲ ತಿಂದೀರಿ, ಹೌದಿಲ್ರೀ?" ಎಂದೆ. ಪಾಪ, ಗಲ್ಲ ಬಡಿದುಕೊಂಡು ಒಪ್ಪಿಕೊಂಡಳು. ಸೆರಗಿಗೆ ಹೂರಣ ಅಂಟಿದ್ದನ್ನು ನಾನು ಮೊದಲೇ ನೋಡಿದ್ದೆ. ಅಂದಿನಿಂದ ಹಬ್ಬ ಬಂದರೆ, ನೈವೇದ್ಯವಾಗುವ ತನಕ ಆಕೆ ನೀರೂ ಮುಟ್ಟುವುದಿಲ್ಲ.

ಹೋದ ವರ್ಷ ಮೊಬೈಲಿನಲ್ಲಿ ಓದಿದೆ: ಆಕಾಶದಲ್ಲಿ ಎಕ್ಸರೇ ಸೂಸುವ ನಕ್ಷತ್ರಗಳಿವೆಯಂತೆ. ನನಗೆ ಊಟ ಸೇರಲಿಲ್ಲ. ಅಲ್ಲಿ ಕರೆಂಟ್ ಎಲ್ಲಿಯದು? ಸ್ವಿಚ್ ಒತ್ತುವವರು ಯಾರು? ಕುಷ್ಟಗಿಯಲ್ಲಿ ಪರಿಚಯದ ವಿಜ್ಞಾನದ ಟೀಚರಮ್ಮ ಒಬ್ಬರಿದ್ದರು. ಬಸ್ಸು ಹಿಡಿದು ಹೋಗಿ ಕೇಳಿಕೊಂಡು ಬಂದು, ಹೆಂಡತಿಯ ಮುಂದೆ ಕುಳಿತೆ.

"ಸತ್ತ ಚುಕ್ಕಿ ಒಂದೈತಿ. ಅಗಲ ಅಂದ್ರ ಇಲ್ಲಿಂದ ಕಿನ್ನಾಳಕ್ಕ ಹೋಗಿ ಬಂದಷ್ಟ, ಇಪ್ಪತ್ತ್ ಕಿಲೋಮೀಟರ್; ತೂಕ ಮಾತ್ರ ಸೂರ್ಯಗಿಂತ ಜಾಸ್ತಿ! ಪಕ್ಕದಾಗಿನ ಜೋಡಿ ಚುಕ್ಕಿ ಮೈಮ್ಯಾಲಿನ ಗಾಳಿ ಎಳಕೊಂಡು ಎಕ್ಸರೇ ಬಿಡ್ತೈತಿ."

"ನಲವತ್ತ್ ವರ್ಷ ನಿಮ್ಮ ಪುರಾಣ ಕೇಳೀನಿ. ಇದೂ ಸುಳ್ಳಾದ್ರ ನಮ್ಮಕ್ಕನ ಮುಂದ ಬಸ್ಕಿ ಹೊಡೀಬೇಕ್ ನೋಡ್ರಿ."

"ಖರೇ ಆದ್ರ?"

"ಒಂದ್ ಸಲ ನಿಮ್ಮನ್ನ ನಂಬ್ತೀನಿ."

ನಲವತ್ತು ವರ್ಷದಲ್ಲಿ ಸಿಗದ ಬಹುಮಾನ. ಬಿಡುವುದುಂಟೇ?

ಮರುದಿನ ಅಕ್ಕಿ ತರುವ ನೆವದಲ್ಲಿ ಗಂಗಾವತಿಯ ಮಿಲ್ಲಿಗೆ ಕರೆದೊಯ್ದೆ. ಎಲ್ಲರೂ ಮಾಡುವಂತೆ ಆಕೆ ಯಂತ್ರದಿಂದ ಸುರಿಯುತ್ತಿದ್ದ ಅಕ್ಕಿಗೆ ಕೈ ಒಡ್ಡಿ ಒಂದು ಮುಷ್ಟಿ ಹಿಡಿದಳು. "ಅಯ್ಯ, ಬೆಚ್ಚಗ ಅದಾವಲ್ರೀ!"

"ಒಲಿ ಎಲ್ಲೈತಿ? ತೋರ್ಸು."

ಸುತ್ತ ನೋಡಿದಳು. "ಒಲಿ ಯಾಕ? ತಿಕ್ಕಾಡಿ ಬಿಸಿ ಆಗ್ಯಾವ."

"ಅಲ್ಲೂ ಹಂಗ. ಎಳಕೊಂಡ ಗಾಳಿ ಚುಕ್ಕಿ ಸುತ್ತ ಗಿರಗಿರ ತಿರುಗಿ, ತಿಕ್ಕಾಡಿ, ಧಪ್ಪಂತ ಬೀಳ್ತೈತಿ. ಕುಲುಮ್ಯಾಗ ಕಾದ ಕಬ್ಬಿಣ ಕೆಂಪು ಬೆಳಕ ಕೊಡ್ತೈತಲ್ಲ, ಇದು ಅದಕ್ಕಿಂತ ಸಾವಿರಾರು ಪಾಲು ಕಾದು ಎಕ್ಸರೇ ಕೊಡ್ತೈತಿ. ಸ್ವಿಚ್ ಬ್ಯಾಡ, ಬೀಳೂದ ಸಾಕು."

ಆಕೆ ಮುಷ್ಟಿ ಬಿಚ್ಚಿ ಅಕ್ಕಿಯನ್ನು ಚೀಲಕ್ಕೆ ಸುರಿದಳು. "ನಿಮ್ಮ ಮಷೀನಿನಾಗಿಂದೂ ಇದ ಎಕ್ಸರೇ ಏನ್ರಿ?"

"ಇದ! ಎಲುಬು ತಡೀತೈತಿ, ಮೆತ್ತಗಿದ್ದದ್ದರಾಗ ಹಾದು ಹೋಗ್ತೈತಿ."

"ನಂಬಿದೆ," ಎಂದಳು. ನಾನು ಮೀಸೆಗೆ ಕೈ ಹಾಕುವಷ್ಟರಲ್ಲಿ, "ಹಂಗಾದ್ರ ಅಕ್ಕನ ಹೊಟ್ಯಾಗ ಹೋಳಿಗಿ ಹೆಂಗ ಕಾಣ್ತು? ಹೋಳಿಗ್ಯಾಗ ಎಲುಬಿತ್ತೇನು?"

ಚುಕ್ಕಿ ಖರೆಯಾಯಿತು, ಹೋಳಿಗೆ ಸುಳ್ಳಾಯಿತು; ಮುಂದಿನ ಹಬ್ಬಕ್ಕೆ ಯಲಬುರ್ಗಾದಲ್ಲಿ ಇಪ್ಪತ್ತೊಂದು ಬಸ್ಕಿ ಹೊಡೆದೆ. ಈ ವಯಸ್ಸಿನಲ್ಲಿ ಯಾರು ಹೊಡೆಯುತ್ತಾರೆ ಹೇಳಿ! ಅಕ್ಕ ನನ್ನ ಬಸ್ಕಿ ಎಣಿಸುತ್ತ, ಬುಟ್ಟಿಯಿಂದ ಬಿಸಿ ಹೋಳಿಗೆ ತೆಗೆದು ಬಾಯಿಗಿಟ್ಟಳು. ದೇವರ ಮುಂದೆ ದೀಪ ಇನ್ನೂ ಹಚ್ಚಿರಲಿಲ್ಲ.