ಚಕ್ಕರ್ ಒಡೆಯೋರ್ನ ಇಡ್ಕಂಡ್ ಬರೋ ಕೆಲಸ

ಕುಂತೂರು ರೋಡಲ್ಲಿ ಹಂಪ್ ಅತ್ರ ಕಬ್ಬಿನ ಟ್ರ್ಯಾಕ್ಟರು ನಿಧಾನ ಆಯ್ತವೆ. ಅಲ್ಲಿ ಕಬ್ಬು ಎಳ್ಕಂಡು ತಿನ್ಕಂಡು ಸ್ಕೂಲಿಗೆ ಚಕ್ಕರ್ ಒಡೆಯೋರಲ್ಲಿ ನಾನೇ ಮೊದಲ್ನೋನು. ಎಂಟನೇ ಕ್ಲಾಸಿಗೆ ಬಂದ್ರೂವೆ ನಂಗೆ ಅಕ್ಸರ ಕೂಡಿಸ್ಕಂಡು ಓದಕ್ಕೆ ಬತ್ತಿರ್ನಿಲ್ಲ. ಅವ್ವಂಗೆ ಮಾತ್ರ ಮಗ ಎಸ್ಸೆಸ್ಸೆಲ್ಸಿ ಪಾಸಾಯ್ಬೇಕು ಅನ್ನೋದೊಂದೇ ಆಸೆ.

ನಂಗೆ ಬೆತ್ತದಲ್ಲಿ ಒಡೆದೂ ಒಡೆದೂ ಸಾಕಾಗಿ ಎಡ್ಮಾಸ್ಟ್ರು ಒಂದಿನ ಅಂದ್ರು, "ಕಳ್ಳನ ಜಾಡು ಕಳ್ಳಂಗೇ ಗೊತ್ತು ಕಣ್ಲಾ. ನಾಳೆಯಿಂದ ಚಕ್ಕರ್ ಒಡೆಯೋ ಐಕಳ್ನೆಲ್ಲ ನೀನೇ ಇಡ್ಕಂಡ್ ಬಾ."

"ನನ್ ಆಜರಿ ಸಾ?"

"ಅದ್ನ ನಾನು ಆಕ್ಕತೀನಿ, ಓಗು."

ಅವತ್ತಿಂದ ಒಂದಿನಾನೂ ನಾನು ತಪ್ಪಿಸ್ನಿಲ್ಲ. ಬೆಲ್ ಒಡೆದೇಟ್ಗೆ ಗದ್ದೆ, ಕಾಲುವೆ, ಬಸ್ ಸ್ಟಾಂಡು ಸುತ್ತಿ ಒಬ್ಬೊಬ್ಬನ್ನೇ ಕಾಲರ್ ಇಡ್ದು ಎಳ್ಕಂಡ್ ಬತ್ತಿದ್ದೆ. "ಲೇ, ನೀನ್ಯಾವಾಗ್ಲಾ ಪೋಲೀಸಾದೆ?" ಅಂತ ಅಣುಕಿಸೋರು. ಆಮೇಲಾಮೇಲೆ ನನ್ನ ಕಂಡ್ರೆ ಅವ್ರೇ ಕ್ಲಾಸಿಗೆ ಓಡೋಗೋರು. ಅವ್ರು ಬೀಡಿ ಸೇದದು, ಬಡ್ದಾಡದು ಎಲ್ಲಾ ನಿಂತೋಯ್ತು. ಒಳಗೆ ಕುಂತು ಕುಂತು ಓದದೂ ಕಲ್ತ್ರು. ನಾನು ಬೀದಿಲೇ ಇದ್ದೆ. ಒಳಗೆ ಬಾ ಅಂತ ಯಾವ ಮೇಷ್ಟ್ರೂ ಕರೀನಿಲ್ಲ.

ಇಂಗೇ ಅತ್ತನೇ ಕ್ಲಾಸಿಗೂ ಬಂದೆ. ಎಸ್ಸೆಸ್ಸೆಲ್ಸಿ ಪರೀಕ್ಸೇಲಿ ರಿಜಿಸ್ಟರ್ ನಂಬರ್ ಬರ್ದು ಸುಮ್ಕೆ ಕುಂತಿದ್ದೆ. ಎಲ್ಲಾ ಸಬ್ಜೆಕ್ಟೂ ಫೇಲು. ಅವ್ವ ಸ್ಕೂಲಿಗೆ ಬಂದು ಅತ್ಲು.

"ದಿನಾ ಬತ್ತಿದ್ನಲ್ಲಾ ಸಾ?"

"ಬತ್ತಿದ್ದ ಕಣಮ್ಮ. ಬಾಳ ಒಳ್ಳೆ ಉಡುಗ" ಅಂದ್ರು ಎಡ್ಮಾಸ್ಟ್ರು.

ಅವ್ವ ಸೆರಗಲ್ಲಿ ಕಣ್ಣೊರೆಸ್ಕಂಡು ಮನೆ ಕಡೆ ನಡುದ್ಲು.

ಸ್ಕೂಲು ತೆರೆದ್ಮೇಲೆ ಎಡ್ಮಾಸ್ಟ್ರು ಆ ಕೆಲಸಕ್ಕೆ ಇನ್ನೊಬ್ಬ ಉಡುಗನ್ನ ಆಕಂಡ್ರು. ಅವನಿಗೂ ಓದಕ್ಕೆ ಬತ್ತಿರ್ನಿಲ್ಲ.