ಅಳುವ ಪಾಳಿ ಮಾಸ್ತರರದಿತ್ತು

ಅರವತ್ತೆರಡನೆಯ ಇಸವಿಯ ಬೇಸಿಗೆ. ಹಾನಗಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಆ ಮಧ್ಯಾಹ್ನ ಮೂವರು ಹೆಂಗಸರಿದ್ದೆವು. ಮಣೆಯ ಮೇಲೆ ಶಾವಿಗೆ ಹೊಸೆಯುತ್ತ ನನ್ನ ಅತ್ತೆ ಗಂಗವ್ವ, ಎಳೆಗಳನ್ನು ಕೋಲಿನ ಮೇಲೆ ಇಳಿಬಿಡುತ್ತ ಮಾಸೂರಿನಿಂದ ತವರಿಗೆ ಬಂದಿದ್ದ ನಾದಿನಿ ಶಾಂತಕ್ಕ, ಹಿಟ್ಟು ನಾದಿ ಕೊಡುತ್ತ ನಾನು. ಹಂಸಭಾವಿಯ ಹುಡುಗಿ ನಾನು ಆ ಮನೆಗೆ ಸೊಸೆಯಾಗಿ ಬಂದು ಆಗಷ್ಟೇ ವರ್ಷ ತುಂಬಿತ್ತು. ನಮ್ಮವರು ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ಹಗಲು ಹೊತ್ತು ಮನೆಯಲ್ಲಿ ಇರುತ್ತಿರಲಿಲ್ಲ.

ಗೋಡೆಯ ಆಚೆ ಇನ್ನಿಬ್ಬರಿದ್ದರು. ನಮ್ಮದು ಹಿಂದೆ ಒಂದೇ ದೊಡ್ಡ ಮನೆ. ಮಾವನವರು ನಡುವೆ ಗೋಡೆ ಎಬ್ಬಿಸಿ ಅರ್ಧ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರು. ಗೋಡೆ ತೊಲೆಯವರೆಗೆ ಮಾತ್ರ, ಅದರ ಮೇಲೆ ಹಂಚಿನವರೆಗೆ ಬಯಲು. ಅವರು ಒಗ್ಗರಣೆ ಹಾಕಿದರೆ ನಮಗೆ ಸೀನು ಬರುತ್ತಿತ್ತು. ಆ ಬಾಡಿಗೆಯವರೇ ವಾದಿರಾಜ ಮಾಸ್ತರರು ಮತ್ತು ಅವರ ಹೆಂಡತಿ ಇಂದಕ್ಕ. ಶಾಲೆಯ ಕೆಲಸದಿಂದ ನಿವೃತ್ತರಾದ ಮಾಸ್ತರರು ಹೆಂಡತಿಯ ಜೊತೆ ಕೂತು ಪ್ರೇಮದ ಕಾದಂಬರಿಗಳನ್ನು ಬರೆಯುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಮಾರುತ್ತಾರಲ್ಲ, ಬಣ್ಣದ ಮುಖಪುಟದ ಸಣ್ಣ ಪುಸ್ತಕಗಳು, ಅವು. ಲಗ್ನಕ್ಕೆ ಮೊದಲು ನಾನು ಅವನ್ನು ಹಾಸಿಗೆಯಡಿ ಮುಚ್ಚಿಟ್ಟು ಓದಿದವಳು. ಬರೆದವರು ಯಾರೋ ಧಾರವಾಡದ ಚೆಲುವ ಜೋಡಿ ಇರಬೇಕೆಂದುಕೊಂಡಿದ್ದೆ. ಇಲ್ಲಿ ನೋಡಿದರೆ ಅವರಿಗೆ ತಲೆಯ ಮೇಲೆ ಕೂದಲಿಲ್ಲ, ಇವರಿಗೆ ಮುಂದಿನ ಹಲ್ಲಿಲ್ಲ!

ಪುಸ್ತಕದ ಮೇಲೆ ಇಬ್ಬರ ಹೆಸರೂ ಇರುತ್ತಿತ್ತು. ಅತ್ತೆಗೆ ಅದು ಸೇರುತ್ತಿರಲಿಲ್ಲ. "ಗಂಡ ಹೆಂಡ್ತಿ ಹೆಸರು ಕೂಡೇ ಅಚ್ಚಾಗೂದು ಲಗ್ನಪತ್ರದಾಗ ಒಂದ ಸಲ ಸಾಕು. ಇವರದು ವರ್ಷಾ ವರ್ಷಾ ಲಗ್ನ!" ಎನ್ನುತ್ತಿದ್ದರು.

ಅತ್ತೆಯ ಸಿಟ್ಟಿಗೆ ಇನ್ನೊಂದು ಕಾರಣವಿತ್ತು. ಆ ದಂಪತಿ ಬರೆಯುವಾಗ ಸಂಭಾಷಣೆಯನ್ನೆಲ್ಲ ಬಾಯಿಬಿಟ್ಟು ಆಡಿ ನೋಡುತ್ತಿದ್ದರು. ಹೊಸದಾಗಿ ಬಾಡಿಗೆಗೆ ಬಂದಾಗ ಒಂದು ದಿನ "ನಿನ್ನನ್ನು ಕೊಂದು ನಾನೂ ಸಾಯುತ್ತೇನೆ" ಎಂಬ ಕೂಗು ಕೇಳಿ ಅತ್ತೆ ಒನಕೆ ಹಿಡಿದು ಆ ಮನೆಗೆ ನುಗ್ಗಿದ್ದರಂತೆ. ಒಳಗೆ ಮಾಸ್ತರರು ತೂಗುಮಂಚದ ಮೇಲೆ, ಇಂದಕ್ಕ ಅಕ್ಕಿ ಹಸನು ಮಾಡುತ್ತ ಆರಾಮಾಗಿ ಕೂತಿದ್ದರು. "ಬರ್ರಿ ಗಂಗವ್ವ, ಒನಕಿ ಯಾಕ ತಂದ್ರಿ, ಅವಲಕ್ಕಿ ಕುಟ್ಟೂದದ ಏನು?" ಎಂದು ಮಾಸ್ತರರು ಕೇಳಿದರಂತೆ. ಓಣಿಯೆಲ್ಲ ನಕ್ಕಿತು. ಅಂದಿನಿಂದ ಅತ್ತೆ ಆ ಹೊಸ್ತಿಲು ತುಳಿದವರಲ್ಲ.

ನಾನು ಮಾತ್ರ ಮಜ್ಜಿಗೆಯ ನೆಪ, ಕರಿಬೇವಿನ ನೆಪ ಮಾಡಿಕೊಂಡು ಹೋಗುತ್ತಿದ್ದೆ. ಅವರು ಬರೆಯುವ ರೀತಿ ನನಗೆ ತಿಳಿದದ್ದು ಹಾಗೆ. ನಾಯಕನ ಮಾತುಗಳನ್ನೆಲ್ಲ ಇಂದಕ್ಕ ಆಡುತ್ತಿದ್ದರು, ನಾಯಕಿಯ ಮಾತುಗಳನ್ನು ಮಾಸ್ತರರು. "ಹಿಂಗ್ಯಾಕ ಇಂದಕ್ಕ?" ಎಂದು ಒಮ್ಮೆ ಕೇಳಿದೆ.

"ಗಂಡಸು ಹೆಂಗ ಮಾತಾಡಿದ್ರ ಹೆಣ್ಣಿನ ಮನಸ್ಸಿಗೆ ಸೇರ್ತದ ಅನ್ನೋದು ಹೆಣ್ಣಿಗೇ ಗೊತ್ತವಾ. ಇವರ ಕೈಯಾಗ ಬಿಟ್ರ ನಮ್ಮ ನಾಯಕ ಪುಸ್ತಕದ ತುಂಬ 'ಚಹಾ ಆತೇನು' ಅಂತ ಕೇಳಿಕೋತ ಕೂಡ್ತಾನ."

"ಹೆಣ್ಮಕ್ಕಳು ಸಿಟ್ಟು ಮಾಡಿದ್ರ ಹೆಂಗ ಮಾತಾಡ್ತಾರ ಅಂತ ನನ್ನಷ್ಟು ಯಾರಿಗೆ ಗೊತ್ತದ?" ಎಂದರು ಮಾಸ್ತರರು. "ಈಕಿ ಹತ್ರ ಕಲ್ತೇನಿ."

ಆ ವಾರ ಅವರ ಕಾದಂಬರಿ ಕೊನೆಗೆ ಬಂದಿತ್ತು. ನಾಯಕ ಕ್ಷಯದಿಂದ ಸಾಯುತ್ತಾನೆ, ನಾಯಕಿ ಅಳುತ್ತಾಳೆ. ಎರಡು ದಿನದಿಂದ ಮಾಸ್ತರರ ದಪ್ಪ ದನಿ "ನನ್ನನ್ನು ಬಿಟ್ಟು ಹೋಗಬೇಡಿ" ಎಂದು ಅಳುವುದು ಕೇಳಿ ನಾನೂ ಶಾಂತಕ್ಕನೂ ಬಾಯಿಗೆ ಸೆರಗು ಹಿಡಿದು ನಕ್ಕಿದ್ದೆವು.

ಶಾವಿಗೆ ಹೊಸೆಯುತ್ತಿದ್ದ ಆ ಮಧ್ಯಾಹ್ನವೂ ಅಳು ಕೇಳಿಸಿತು. ಏನೋ ಬಿದ್ದ ಸಪ್ಪಳ, ಆಮೇಲೆ "ಏಳ್ರಿ, ನನ್ನ ಕಡೆ ನೋಡ್ರಿ, ಅಯ್ಯೋ ನೋಡ್ರೀ" ಎಂಬ ಗೋಳು.

"ಇನ್ನೂ ಸತ್ತಿಲ್ಲೇನ ಅಂವಾ?" ಎಂದು ಶಾಂತಕ್ಕ ನಕ್ಕಳು.

ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಅಳುತ್ತಿದ್ದವರು ಇಂದಕ್ಕ. ಕಥೆಯೊಳಗೆ ಇಂದಕ್ಕ ಸಾಯುವವನು, ಅಳುವ ಪಾಳಿ ಮಾಸ್ತರರದು. ಅವರ ದನಿಯೇ ಇರಲಿಲ್ಲ.

"ಅತ್ತೀ, ಇದು ಕತಿ ಅಲ್ರಿ. ನಾ ಹೋಗಿ ಬರ್ತೇನಿ."

"ಕುಂದರು ಸುಮ್ನ. ಹಿಟ್ಟು ಒಣಗತೈತಿ. ಒಮ್ಮೆ ನಾ ಮಾನ ಕಳಕೊಂಡಿದ್ದು ಸಾಲಲಿಲ್ಲೇನು?"

"ಅತ್ತೀ, ಇಂದಕ್ಕ ಎಂದೂ ಹೆಂಗಸಿನ ಮಾತು ಆಡೂದಿಲ್ರಿ. ಅವರದು ಗಂಡಸಿನ ಪಾರ್ಟು. ಖರೇನ ಏನೋ ಆಗೈತಿ."

ಅತ್ತೆ ನನ್ನ ಮುಖ ನೋಡಿದರು. ಅವರ ಮಾತು ಮೀರಿ ನಾನು ಎದ್ದದ್ದು ಅದೇ ಮೊದಲು. ಹಿಟ್ಟಿನ ಕೈಯಲ್ಲೇ ಓಡಿ ಬಾಗಿಲು ಬಡಿದೆ. ಇಂದಕ್ಕ ಚಿಲಕ ತೆಗೆದು ಒಳಗೆ ಕೈ ತೋರಿಸಿದರು. ಮಾಸ್ತರರು ತೂಗುಮಂಚದ ಕೆಳಗೆ ಬಿದ್ದಿದ್ದರು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಕಣ್ಣು ತೆರೆದೇ ಇದ್ದವು, ಆದರೆ ನಮ್ಮನ್ನು ಗುರುತಿಸಲಿಲ್ಲ.

ನಾನು ತಿರುಗಿ ನೋಡುವಷ್ಟರಲ್ಲಿ ಅತ್ತೆ ಹಿಂದೆ ನಿಂತಿದ್ದರು. ಅಷ್ಟು ವರ್ಷದ ಮೇಲೆ ಆ ಹೊಸ್ತಿಲು ದಾಟಿದ್ದರು. "ಶಾಂತಾ, ಗಿರಣಿಗೆ ಓಡು. ಲಾರಿ ಕಳಸು ಅಂತ ನಿಮ್ಮಣ್ಣಗ ಹೇಳು" ಎಂದು ಕೂಗಿದವರೇ ನೆಲದ ಮೇಲೆ ಕೂತು ಮಾಸ್ತರರ ತಲೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

ಊರಿನ ಡಾಕ್ಟರು ಬಂದು ನೋಡಿ, ಲಕ್ವಾ ಹೊಡೆದಿದೆ, ತಡಮಾಡದೆ ಹುಬ್ಬಳ್ಳಿಗೆ ಒಯ್ಯಿರಿ ಎಂದರು. ಗಿರಣಿಯಿಂದ ಬಂದ ಲಾರಿಯಲ್ಲಿ ಅಕ್ಕಿ ಚೀಲಗಳ ಮೇಲೆ ಹಾಸಿಗೆ ಹಾಸಿ ಮಲಗಿಸಿದೆವು. ಇಂದಕ್ಕ ನನ್ನ ಕೈ ಬಿಡಲಿಲ್ಲವೆಂದು ಅತ್ತೆ ನನ್ನನ್ನೂ ಹತ್ತಿಸಿದರು. ಲಾರಿ ಶಿಗ್ಗಾವಿ ದಾಟಿತು. ತಡಸದಲ್ಲಿ ಡ್ರೈವರ್ ಇಂಜಿನ್ನಿಗೆ ನೀರು ಹಾಕಲು ನಿಲ್ಲಿಸಿದಾಗ ಇಂದಕ್ಕ ಮೆಲ್ಲಗೆ ಅಂದರು: "ಸಾವು ಬರೀಬ್ಯಾಡ್ರಿ ಅಂದಿದ್ದೆ ನೀಲಾ. ಎರಡು ದಿನ ಆತು, ನಾನ ಸಾಯಾಕತ್ತಿದ್ದೆ ಇವರ ಮುಂದ. ದೇವರು ಪಾಳಿ ಅದಲಿಬದಲಿ ಮಾಡಿಬಿಟ್ಟ."

ಮಾಸ್ತರರು ಉಳಿದರು. ತಿಂಗಳ ಮೇಲೆ ಹಾನಗಲ್ಲಿಗೆ ಮರಳಿದಾಗ ಬಲಗೈ, ಬಲಗಾಲು ಆಡುತ್ತಿರಲಿಲ್ಲ. ಮಾತು ಪೂರ್ತಿ ಹೋಗಿತ್ತು.

ಇಂದಕ್ಕ ಆ ಕಾದಂಬರಿಯ ಹಾಳೆಗಳನ್ನು ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿಬಿಟ್ಟರು. ಮಾಸ್ತರರು ಎಡಗೈಯಿಂದ ಅಟ್ಟ ತೋರಿಸುತ್ತಿದ್ದರು. ಇಂದಕ್ಕ ಕಾಣದವರಂತೆ ಮುಖ ತಿರುಗಿಸುತ್ತಿದ್ದರು. ಕೊನೆಗೆ ಮಾಸ್ತರರು ಗಂಜಿಗೆ ಬಾಯಿ ತೆರೆಯುವುದನ್ನೇ ಬಿಟ್ಟರು. ಒಂದು ದಿನ ಪೂರ್ತಿ ಉಪವಾಸ. ಗೋಡೆಯ ಈಚೆ ನಮಗೆ ಇಂದಕ್ಕ ಬೇಡುವುದು ಕೇಳುತ್ತಿತ್ತು. "ಕತಿ ಬದಲು ಮಾಡೂಣು. ಅಂವ ಉಳೀಲಿ. ಯಾರು ಬ್ಯಾಡ ಅಂತಾರ? ಒಂದು ಗುಟುಕು ಕುಡೀರಿ." ಮಂಚ ಬಡಿಯುವ ಸಪ್ಪಳ ಬರುತ್ತಿತ್ತು. ಅದು ಬೇಡವೆಂಬ ಸಪ್ಪಳವೆಂದು ನಮಗೂ ತಿಳಿಯಿತು.

ಮರುದಿನ ಇಂದಕ್ಕ ನಮ್ಮ ಬಾಗಿಲಿಗೆ ಬಂದರು. "ಗಂಗವ್ವ, ನಿಮ್ಮ ಸೊಸೀನ್ನ ಒಂದಿಷ್ಟು ಹೊತ್ತು ಕಳಸ್ತೀರೇನು? ನನ್ನ ಕೈ ನಡಗ್ತಾವ, ಬರಿಯಾಕ ಆಗವಲ್ದು."

"ಕೇಳೂದೇನೈತಿ? ಕರಕೊಂಡು ಹೋಗ್ರಿ" ಎಂದರು ಅತ್ತೆ.

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ ಮಾತ್ರ ಓದಿದ್ದ ನಾನು ಮೊದಲ ಸಲ ಕಾದಂಬರಿ ಬರೆಯಲು ಕೂತೆ. ಉಳಿದದ್ದು ಒಂದೇ ಸನ್ನಿವೇಶ: ನಾಯಕನ ಕೊನೆಯ ಮಾತು, ನಾಯಕಿಯ ಉತ್ತರ. ನಾಯಕನ ಮಾತು ಇಂದಕ್ಕ ಆಡಬೇಕು. ಅವರು ಗಂಡನ ಮುಖ ನೋಡುತ್ತ ಕೂತುಬಿಟ್ಟರು. ಮಾಸ್ತರರು ಎಡಗೈಯಿಂದ ಮಂಚವನ್ನು ಮೆಲ್ಲಗೆ ತಟ್ಟಿದರು, ಮಕ್ಕಳಿಗೆ ಪಾಠ ಒಪ್ಪಿಸಲು ಹೇಳುವ ಹಾಗೆ.

ಇಂದಕ್ಕ ಕಣ್ಣು ಮುಚ್ಚಿ ಆಡಿದರು: "ನಾನು ಹೆದರಿಲ್ಲ. ನೀನು ಹತ್ತಿರ ಇದ್ದೀಯ. ಇಷ್ಟು ದಿನ ನೀನು ನನ್ನ ಜೊತೆ ಜಗಳಾಡಿದೆಯಲ್ಲ, ಅದೇ ನನ್ನ ಭಾಗ್ಯ."

ಬರೆದುಕೊಂಡೆ. ಈಗ ನಾಯಕಿಯ ಪಾಳಿ. ನಾನು ಇಂದಕ್ಕನ ಕಡೆ ನೋಡಿದೆ, ಅವರು ಮಾಸ್ತರರ ಕಡೆ ನೋಡುತ್ತಿದ್ದರು. ಮಾಸ್ತರರು ಬಾಯಿ ತೆರೆದರು. ಮಾತು ಬರಲಿಲ್ಲ. ಗಂಟಲಿನಿಂದ ಒಂದು ದನಿ ಬಂತು. ಆ ದನಿ ಹೇಗಿತ್ತೆಂದು ಹೇಳಲು ಇಂದಿಗೂ ನನಗೆ ಬರುವುದಿಲ್ಲ. ಬಹಳ ಹೊತ್ತು ಅದು ನಿಲ್ಲಲಿಲ್ಲ. ನಡುನಡುವೆ ಉಸಿರು ಎಳೆದುಕೊಂಡು ಮತ್ತೆ ಶುರುಮಾಡುತ್ತಿದ್ದರು. ಗೋಡೆಯ ಆಚೆ ನಮ್ಮ ಮನೆಯಲ್ಲಿ ಒಂದು ಪಾತ್ರೆಯ ಸದ್ದೂ ಇರಲಿಲ್ಲ.

"ಕೇಳಿದಿ? ಬರಕೋ" ಎಂದರು ಇಂದಕ್ಕ.

"ಏನಂತ ಬರೀಲ್ರಿ ಇಂದಕ್ಕ?"

"ಆಕಿ ಅತ್ತಳು ಅಂತ ಬರಿ. ಅಷ್ಟ ಸಾಕು."

ಅಂದು ಸಂಜೆ ಮಾಸ್ತರರು ಗಂಜಿ ಕುಡಿದರು. ಆಮೇಲೆ ಅವರು ಕೆಲವು ವರ್ಷ ಬದುಕಿದ್ದರು, ಆದರೆ ಆ ಜೋಡಿ ಮತ್ತೆ ಬರೆಯಲಿಲ್ಲ. ಗಂಡ ಹೆಂಡಿರ ಪ್ರೀತಿಯ ಬಗ್ಗೆ ಯಾರು ಏನೇ ಹೇಳಲಿ, ನನಗೆ ಮೊದಲು ನೆನಪಾಗುವುದು ಮಂಚ ತಟ್ಟಿದ ಆ ಎಡಗೈ. ತಾವು ಇಲ್ಲದ ದಿನಕ್ಕೆ ಹೆಂಡತಿಯನ್ನು ಅವರು ಆ ಮಧ್ಯಾಹ್ನ ಅಣಿಮಾಡುತ್ತಿದ್ದರು ಎಂದು ತಿಳಿಯಲು ನನಗೆ ವಯಸ್ಸಾಗಬೇಕಾಯಿತು.

ದೀಪಾವಳಿಯ ಹೊತ್ತಿಗೆ ಪುಸ್ತಕ ಅಚ್ಚಾಗಿ ಬಂತು. ಇಂದಕ್ಕ ಒಂದು ಪ್ರತಿ ತಂದುಕೊಟ್ಟರು. ಅತ್ತೆಗೆ ಓದು ಬರುತ್ತಿರಲಿಲ್ಲ. ಊಟವಾದ ಮೇಲೆ ದಿನಾ ಎಲೆ ಅಡಿಕೆ ಹಾಕಿಕೊಂಡು ನನ್ನಿಂದ ಓದಿಸಿ ಕೇಳುತ್ತಿದ್ದರು, ನಡುವೆ ನಾಯಕನಿಗೆ ಬೈಯುತ್ತಿದ್ದರು, ನಾಯಕಿಗೆ ಬುದ್ಧಿ ಹೇಳುತ್ತಿದ್ದರು. ಕೊನೆಯ ಅಧ್ಯಾಯಕ್ಕೆ ಬಂದು ನಾನು ಹಾಳೆ ತಿರುಗಿಸಿದಾಗ ಅತ್ತೆ ನನ್ನ ಕೈ ಹಿಡಿದರು.

"ಅದನ್ನ ಓದಬ್ಯಾಡ ನೀಲವ್ವ" ಎಂದರು. "ಅದನ್ನ ನಾವು ಕೇಳೇವಿ."