ಕಡೆಗೋಲಿನ ಪೆನ್ನು

ಮೂಡಲಪಾಳ್ಯದ ನಮ್ಮ ಮನೆಯ ಮೆಟ್ಟಿಲ ಕೆಳಗೆ ಒಂದು ಪುಟ್ಟ ಲೇತ್ ಇದೆ. ನಿವೃತ್ತನಾದ ಮೇಲೆ ಅದರಲ್ಲಿ ಮರದ ಪೆನ್ನು ಮಾಡುವ ಹುಚ್ಚು ನನಗೆ ಹಿಡಿಯಿತು. ನನ್ನ ಪೆನ್ನುಗಳ ಹೊಳಪಿನ ಬಗ್ಗೆ ಜಂಬ ಸ್ವಲ್ಪ ಹೆಚ್ಚೇ ಇತ್ತು. ಮನೆಗೆ ಬಂದವರಿಗೆ ಕಾಫಿಗಿಂತ ಮೊದಲು ಪೆನ್ನು ಕೊಟ್ಟು, "ಮುಖ ಕಾಣಿಸುತ್ತಾ ನೋಡಿ" ಎನ್ನುತ್ತಿದ್ದೆ. ಕಾಣಿಸುವುದಿಲ್ಲ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಹೋದ ವರ್ಷ ಕೆಂಗೇರಿಯಿಂದ ಅಕ್ಕ ಬಂದಳು. ಚೀಲದಿಂದ ಅಮ್ಮನ ಕಡೆಗೋಲು ತೆಗೆದಳು. ಅದರ ತಲೆ ಒಡೆದುಹೋಗಿತ್ತು, ಕೋಲು ಮಾತ್ರ ಗಟ್ಟಿಯಾಗಿತ್ತು.

"ಇದರಲ್ಲಿ ನಂಗೊಂದು ಪೆನ್ ಮಾಡ್ಕೊಡೋ, ರಾಮಕೋಟಿ ಬರೆಯೋಕೆ. ಅಮ್ಮಂದು ಅಂತ ನನ್ನ ಹತ್ರ ಉಳಿದಿರೋದು ಇದೊಂದೇ ಕಣೋ, ಹುಷಾರು."

ರಾಜಾಜಿನಗರದ ಹಳೇ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಎಂದರೆ ಆ ಕಡೆಗೋಲಿನ ಸದ್ದು. ಅಮ್ಮ ಅಡುಗೆಮನೆಯ ನೆಲದ ಮೇಲೆ ಕೂತು, ವಾರವಿಡೀ ಕೂಡಿಟ್ಟ ಕೆನೆಮೊಸರಿನೊಳಗೆ ಕೋಲು ಇಳಿಸಿ, ಎರಡು ಅಂಗೈಗಳ ನಡುವೆ ಅದನ್ನು ತಿರುಗಿಸುತ್ತಿದ್ದಳು. ಅವಳ ಕೈ ಸೋತಾಗ ಅಕ್ಕನ ಸರದಿ. ಬೆಣ್ಣೆ ಬಂತಾ ಎಂದು ಬಗ್ಗಿ ಬಗ್ಗಿ ನೋಡುವುದು ನನ್ನ ಕೆಲಸ. ಕೋಲಿಗೆ ಮೆತ್ತಿದ ಬೆಣ್ಣೆ ಯಾವಾಗಲೂ ನನಗೇ. ಅದಕ್ಕೆ ಅಕ್ಕನಿಗೆ ಹೊಟ್ಟೆಕಿಚ್ಚು. ಈಗ ನೆನೆದರೆ ಕಣ್ಣು ಒದ್ದೆಯಾಗುತ್ತದೆ, ಮುಚ್ಚಿಡುವುದೇಕೆ.

ಕೋಲನ್ನು ಅಳತೆಗೆ ಕತ್ತರಿಸಿ, ಉದ್ದಕ್ಕೆ ತೂತು ಕೊರೆದು, ಒಳಗೆ ಹಿತ್ತಾಳೆಯ ಕೊಳವೆ ಕೂರಿಸಿ ಲೇತಿಗೆ ಏರಿಸಿದೆ. ಉಳಿ ತಗುಲಿದ್ದೇ ತಡ, ಮೇಲಿನ ಕಂದು ಪದರ ಸುರುಳಿ ಸುರುಳಿಯಾಗಿ ಎದ್ದು ಕಾಲ ಬಳಿ ಬಿತ್ತು. ಅದನ್ನು ಗುಡಿಸಿ ಕಸಕ್ಕೆ ಹಾಕಿದೆ. ಸ್ಯಾಂಡ್ ಪೇಪರಿನಲ್ಲಿ ಒರಟಿನಿಂದ ನಯದವರೆಗೆ ಒಂದೊಂದಾಗಿ ತಿಕ್ಕಿ, ಸೂಪರ್ ಗ್ಲೂ ತೆಳ್ಳಗೆ ಪದರ ಪದರವಾಗಿ ಸವರಿದೆ. ಗಾಜಿನಂಥ ಹೊಳಪು ಬರುವುದು ಆ ಅಂಟಿನಿಂದಲೇ.

ಬರಲಿಲ್ಲ. ಮಾರನೆಯ ದಿನ ನೋಡಿದರೆ ಅಲ್ಲಲ್ಲಿ ಬೆಳ್ಳಗಾಗಿ, ಉಗುರು ತಾಗಿದಲ್ಲೆಲ್ಲ ಅಂಟು ಹಪ್ಪಳದ ಹಾಗೆ ಏಳುತ್ತಿತ್ತು. ಕೆರೆದು ಮತ್ತೆ ಹಚ್ಚಿದೆ. ಮತ್ತೆ ಎದ್ದಿತು. ಪಿತ್ತ ನೆತ್ತಿಗೇರಿ ಅಂಟು ಮಾರಿದವನನ್ನು ಬೈದೆ, ಮೋಡದ ಹವೆಯನ್ನು ಬೈದೆ. ಮೂರನೆಯ ಸಲ ಜೋರಾಗಿ ತಿಕ್ಕುವಾಗ ಮರ ಬಿಸಿಯೇರಿತು. ಹೆಂಡತಿ ಅಡುಗೆಮನೆಯಿಂದ ಇಣುಕಿ, "ಏನ್ರೀ ಅದು, ಬೆಣ್ಣೆ ಕಾಯಿಸ್ದಂಗೆ ವಾಸನೆ ಬರ್ತಿದೆ?" ಎಂದಳು.

ಆಗ ಗೊತ್ತಾಯಿತು. ವರ್ಷಗಟ್ಟಲೆ ಬೆಣ್ಣೆ ಕುಡಿದ ಮರ ಅದು. ಜಿಡ್ಡಿನ ಮೇಲೆ ಅಂಟು ಹೇಗೆ ನಿಂತೀತು! ಇಂಥ ಜಿಡ್ಡನ್ನು ಥಿನ್ನರ್ ಹಾಕಿ ಒರೆಸಿ ತೆಗೆಯುವುದು ಈ ಕೆಲಸದ ಕ್ರಮ. ಬಟ್ಟೆಗೆ ಥಿನ್ನರ್ ಹಾಕಿಕೊಂಡೆ, ಆದರೆ ಕೈ ಮುಂದಕ್ಕೆ ಹೋಗಲಿಲ್ಲ. ಅಮ್ಮನ ಭಾನುವಾರಗಳನ್ನೆಲ್ಲ ನಾನೇ ಒರೆಸಿಹಾಕಬೇಕೆ? ಮರವೂ ತೀರ ತೆಳುವಾಗಿತ್ತು, ಇನ್ನಷ್ಟು ತಿಕ್ಕಿದ್ದರೆ ಒಳಗಿನ ಹಿತ್ತಾಳೆ ಕಾಣುತ್ತಿತ್ತು. ಉಳಿದ ಅಂಟನ್ನು ಮೆಲ್ಲಗೆ ಕೆರೆದು, ಮಂಕು ಮೈಯಲ್ಲೇ ಪೆನ್ನು ಜೋಡಿಸಿಕೊಂಡು ಕೆಂಗೇರಿಗೆ ಹೋದೆ.

ಅಕ್ಕ ಪೆನ್ನನ್ನು ಹೊರಳಿಸಿ ಹೊರಳಿಸಿ ನೋಡಿದಳು.

"ಅಮ್ಮನ ಕೈ ಆಡಿ ಆಡಿ ಹೊಳೀತಿತ್ತಲ್ಲೋ, ಅದೆಲ್ಲಿ?"

ನಾನು ಗುಡಿಸಿ ಎಸೆದ ಆ ಕಂದು ಸುರುಳಿಗಳು ಕಣ್ಣಮುಂದೆ ಬಂದವು. ಅಂಗಡಿಯ ಅಂಟಿನಿಂದ ತರಲು ಹೆಣಗಿದ ಹೊಳಪು ಕೋಲಿನ ಮೇಲೆ ಮೊದಲೇ ಇತ್ತು, ಅದನ್ನು ಮೊದಲ ನಿಮಿಷದಲ್ಲೇ ಕೆತ್ತಿ ಹಾಕಿದ್ದೆ. "ತಪ್ಪಾಯ್ತು ಅಕ್ಕ" ಎಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೊನ್ನೆ ಮತ್ತೆ ಹೋದಾಗ ಅಕ್ಕ ಕಿಟಕಿಯ ಬಳಿ ಕೂತು ರಾಮಕೋಟಿ ಬರೆಯುತ್ತಿದ್ದಳು. ಅವಳ ಬೆರಳು ಹಿಡಿಯುವ ಜಾಗದಲ್ಲಿ ಮರ ಕಂದುಗಟ್ಟಿ ನಯವಾಗಿ ಮಿನುಗುತ್ತಿತ್ತು, ಹಳೇ ಕೋಲಿನ ಹಾಗೆಯೇ. ಮೇಲಿನ ಅರ್ಧ ಇನ್ನೂ ಮಂಕಾಗಿತ್ತು. ನನ್ನ ರೋಗ ಸುಮ್ಮನಿರಲಿಲ್ಲ.

"ಕೊಡು ಅಕ್ಕ, ಮೇಲ್ಗಡೆ ಒಂಚೂರು ಪಾಲಿಶ್ ಮಾಡ್ಕೊಡ್ತೀನಿ."

ಅಕ್ಕ ಪೆನ್ನನ್ನು ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದುಕೊಂಡಳು.

"ಬೆಣ್ಣೆಯೆಲ್ಲ ನೀನೇ ತಿಂದೆ. ಇದು ನಂದು ಕಣೋ, ಮುಟ್ಬೇಡ."